ಅನುಮತಿಯಿಲ್ಲದೆ ಕೆಸರು ತಳ್ಳಿದವನು

ಜನವರಿ ಹದಿನೇಳು, ಶನಿವಾರ, ಬೆಳಿಗ್ಗೆ ಎಂಟು ಗಂಟೆ. ಸ್ಥಳ: ನಮ್ಮ ಬಡಾವಣೆಯ ಗಾರ್ಡ್ ಹೌಸಿಗೆ ಅಂಟಿದ ಕೋಣೆ. ಹಾಜರಿದ್ದವರು: ನಿವಾಸಿಗಳ ಸಂಘದ ಅಧ್ಯಕ್ಷರು, ಖಜಾಂಚಿ, ಕಾರ್ಯದರ್ಶಿಯಾದ ನಾನು. ಬಾಗಿಲ ಹೊರಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ, ಯಾರೂ ಕರೆಯದೆ ಬಂದು ಕುಳಿತವಳು ಅವನ ಹೆಂಡತಿ. ಅವನು ತೀರಿಕೊಂಡು ಅಂದಿಗೆ ಹದಿನೆಂಟು ದಿನ.

ಸಭೆಯ ಎರಡನೆಯ ವಿಷಯ ಅವನೇ. ನಮ್ಮ ಓಣಿಯ ತಿರುವಿನಲ್ಲಿ ಚರಂಡಿಯ ಚಪ್ಪಡಿ ಮುರಿದದ್ದು ಹೇಗೆ ಎಂದು ಪುರಸಭೆ ವಿವರಣೆ ಕೇಳಿತ್ತು. ಅಧ್ಯಕ್ಷರು ಉತ್ತರವನ್ನು ಒಂದೇ ವಾಕ್ಯದಲ್ಲಿ ಬರೆದು ತಂದಿದ್ದರು. ಅದರ ಅರ್ಥ ಇಷ್ಟು: ಮೃತರು ಸಂಘದ ಅನುಮತಿಯಿಲ್ಲದೆ, ಸ್ವಂತ ವಾಹನದಲ್ಲಿ, ಅಜಾಗರೂಕತೆಯಿಂದ ಕೆಸರು ತೆಗೆಯುವ ಕೆಲಸ ಮಾಡಿ ಅಪಘಾತಕ್ಕೆ ಒಳಗಾದರು. ನಡಾವಳಿಯಲ್ಲಿ ಇದನ್ನು ಹಾಗೆಯೇ ಸೇರಿಸಿ ಎಂದರು. ಖಜಾಂಚಿ ತಲೆಯಾಡಿಸಿದರು. ನಮ್ಮ ನಿಯಮದಂತೆ ನಡಾವಳಿ ಅದೇ ದಿನ ಸಂಜೆ ಆರರೊಳಗೆ ಸೂಚನಾ ಫಲಕದಲ್ಲಿರಬೇಕು. ಸಂಜೆಯೊಳಗೆ ಬರೆಯುತ್ತೇನೆ ಎಂದು ಹೇಳಿ ಎದ್ದೆ.

ಹೊರಗೆ ಅವನ ಹೆಂಡತಿ ನನ್ನ ಕೈಚೀಲದ ಹಿಡಿ ಹಿಡಿದುಕೊಂಡಳು. "ಬ್ಯಾರೆ ಏನರ ಬರೀರಿ ಅಕ್ಕಾರ," ಎಂದಳು. "ಅವರಿಗೆ ನಿಗಾ ಇರಲಿಲ್ಲ ಅಂತ ಮಾತ್ರ ಬರೀಬ್ಯಾಡ್ರಿ. ಅದೊಂದು ಸುಳ್ಳ ಆಗ್ತದ."

ಅವಳು ಕೇಳಿದ್ದು ಇಷ್ಟೇ. ಮನೆಗೆ ಬಂದು, ಕೈ ತೊಳೆದು, ಮೇಜಿನ ಮುಂದೆ ಕುಳಿತೆ. ನಡಾವಳಿಗೆ ಮೊದಲು ಇದನ್ನು ಬರೆಯುತ್ತಿದ್ದೇನೆ. ಅವನು ಎಂಥವನೆಂದು ಮೊದಲು ನೆಟ್ಟಗೆ ಬರೆದರೆ ಆಮೇಲೆ ನಡಾವಳಿಯನ್ನೂ ನೆಟ್ಟಗೆ ಬರೆಯಬಹುದು.

ಹೆಸರು ಬರೆಯುವುದಿಲ್ಲ. ಹುಬ್ಬಳ್ಳಿ ಕಡೆಯವನು, ನನಗಿಂತ ಹನ್ನೊಂದು ವರ್ಷ ಚಿಕ್ಕವನು. ಅಕ್ಕಾರ ಎಂದು ಕರೆಯುತ್ತಿದ್ದ, ನಾನು ಏಕವಚನದಲ್ಲೇ ಮಾತಾಡಿಸುತ್ತಿದ್ದೆ. ಇಲ್ಲಿಯೂ ಹಾಗೆಯೇ. ಬದುಕಿದ್ದಾಗ ಹುಚ್ಚನೆಂದು ನಕ್ಕು, ಸತ್ತ ಮರುದಿನ ವಾಟ್ಸ್ಆ್ಯಪ್ ಗುಂಪಿನಲ್ಲಿ ಕೈಮುಗಿದ ಚಿತ್ರ ಹಾಕಿ ಬಹುವಚನ ಕೊಡುವ ಅಭ್ಯಾಸ ನನಗಿಲ್ಲ.

ನಾನು ಉಡುಪಿ ಕಡೆಯವಳು. ಅಲ್ಲೂ ಇಲ್ಲೂ ಸೇರಿ ನಲವತ್ತೊಂದು ವರ್ಷ ಆಪರೇಷನ್ ಥಿಯೇಟರಿನ ಸಿಸ್ಟರ್ ಆಗಿದ್ದೆ. ಮಲೇಷ್ಯಾದ ಮೆಡಿಕಲ್ ಕಾಲೇಜಿಗೆ ನಾನು ಬಂದ ವರ್ಷವೇ ಅವನೂ ಯಂತ್ರಗಳ ರಿಪೇರಿಯ ಇಂಜಿನಿಯರ್ ಆಗಿ ಬಂದ. ಮೊದಲ ವಾರ ನಮ್ಮ ಆಟೋಕ್ಲೇವ್ ಕೈಕೊಟ್ಟಿತು. ಉಪಕರಣಗಳನ್ನು ಆವಿಯಲ್ಲಿ ಬೇಯಿಸುವ ಆ ಡ್ರಮ್ಮಿನ ಬಾಗಿಲು ಸರಿಯಾಗಿ ಕೂರುತ್ತಿರಲಿಲ್ಲ. ಅವನು ಬಂದವನು ಸ್ಪ್ಯಾನರ್ ಮುಟ್ಟಲಿಲ್ಲ. ಕೈ ಹಿಂದೆ ಕಟ್ಟಿಕೊಂಡು ಯಂತ್ರದ ಸುತ್ತ ಒಂದು ಸುತ್ತು ಬಂದ. ಕೈಗಡಿಯಾರ ಬಿಚ್ಚಿ ಅಂಗಿಯ ಜೇಬಿಗೆ ಹಾಕಿಕೊಂಡ. ಆಮೇಲೆ ಮೂರು ತಿಂಗಳ ಲಾಗ್ ಬುಕ್ ಕೇಳಿ, ನಿಂತುಕೊಂಡೇ ಓದಿದ. ಮುಕ್ಕಾಲು ಗಂಟೆ. ನನಗೆ ಸಿಟ್ಟು ಬಂದಿತ್ತು, ಸರ್ಜನ್ ಕಾಯುತ್ತಿದ್ದರು. ಓದಿ ಮುಗಿಸಿದ ಮೇಲೆ ಹತ್ತೇ ನಿಮಿಷದಲ್ಲಿ ಕೆಲಸ ಮುಗಿಯಿತು. ಅದರ ನಂತರ ಆ ಬಾಗಿಲು ಆರು ವರ್ಷ ತಕರಾರು ಮಾಡಲಿಲ್ಲ.

ಈ ಮನುಷ್ಯ ಅಜಾಗರೂಕನಂತೆ.

ಇಲ್ಲಿಗೆ ಬರುವ ಮೊದಲು ಮೂರು ಚಳಿಗಾಲ ಅವನು ಕೆನಡಾದಲ್ಲಿ ಅಕ್ಕನ ಗಂಡನ ಜೊತೆ ಇದ್ದ. ಭಾವನ ಹತ್ತಿರ ಮುಂಭಾಗಕ್ಕೆ ಉಕ್ಕಿನ ಹಲಗೆ ಕಟ್ಟಿದ ಪಿಕಪ್ ಇತ್ತು. ಬೆಳಗಿನ ಜಾವ ಹೊರಟು ಜನರ ಅಂಗಳದ ಹಿಮ ತಳ್ಳಿ ಬರುವುದು ಆ ಮನೆಯ ಚಳಿಗಾಲದ ಕಸುಬು. ಇವನು ಕಲಿತ. ತಮಿಳು ಮುಸ್ಲಿಮರ ಮಾಮಕ್ ಅಂಗಡಿಯಲ್ಲಿ ಟೀ ಕುಡಿಯಲು ಕೂತರೆ ಇದೇ ಮಾತು, ನಮಗೆಲ್ಲ ಬಾಯಿಪಾಠವಾಗಿತ್ತು. ಹಿಮದ ಕೆಲಸ ಶುರುಮಾಡುವವರು ಎಲ್ಲರೂ ಮೊದಲು ಬ್ಲೇಡ್, ಅಂದರೆ ಆ ಉಕ್ಕಿನ ಹಲಗೆ, ಕೊಳ್ಳುತ್ತಾರಂತೆ, ಅದೇ ತಪ್ಪಂತೆ. "ಬ್ಲೇಡ್ ಕಡೀಕ್ರಿ. ಮೊದಲ ಒಣ ನೆಲದಾಗ ನಡೀಬೇಕು. ಹಿಮ ಏನೇನ್ ಮುಚ್ಚತೈತಿ ಅಂತ ಮೊದಲ ನೋಡಿಟ್ಕೋಬೇಕು." ಮೆಟ್ಟಿಲು, ನಲ್ಲಿ, ಗಟಾರದ ಮುಚ್ಚಳ, ಹೂಪಾತಿಯ ಕಲ್ಲು ಎಲ್ಲದರ ಪಕ್ಕದಲ್ಲೂ ಒಂದೊಂದು ಕೋಲು. ಹಿಮ ಬಿದ್ದ ಮೇಲೆ ಕಾಣುವುದು ಆ ಕೋಲುಗಳು ಮಾತ್ರ. ಮೊದಲ ಸಲ ತಳ್ಳುವ ಮೊದಲೇ ಗುಡ್ಡೆ ಎಲ್ಲಿ ಹಾಕುವುದೆಂದು ತೀರ್ಮಾನವಾಗಿರಬೇಕು. ರಾಶಿಯಾಗುವವರೆಗೆ ಕಾಯದೆ, ಕಡಿಮೆ ಇದ್ದಾಗಲೇ ಮೇಲಿಂದ ಮೇಲೆ ತಳ್ಳಬೇಕು. ಹಿಂದಿನ ಚಕ್ರಗಳ ಮೇಲೆ ಮರಳು ಚೀಲ ಹೇರದಿದ್ದರೆ ಗಾಡಿ ನಿಂತಲ್ಲೇ ಚಕ್ರ ತಿರುಗಿಸುತ್ತದೆ.

ವರ್ಷವಿಡೀ ಬೆವರುವ ಊರಿನಲ್ಲಿ ಈ ಪಾಠ. ನಾವು ನಗುತ್ತಿದ್ದೆವು, ನಾನೂ ನಕ್ಕಿದ್ದೇನೆ.

ನಾಲ್ಕು ವರ್ಷದ ಹಿಂದೆ ನಮ್ಮ ಓಣಿಗೆ ನೆರೆ ಬಂತು. ನೀರು ಒಂದೂವರೆ ದಿನದಲ್ಲಿ ಇಳಿಯಿತು, ಕೆಸರು ಉಳಿಯಿತು. ಮೊಣಕಾಲಿನ ತನಕ, ಚಾಕಲೇಟಿನಂಥ ನುಣ್ಣನೆಯ ಕೆಸರು. ಪುರಸಭೆಯ ಯಂತ್ರ ಬಂದದ್ದು ಆರನೆಯ ದಿನ. ಅಷ್ಟರಲ್ಲಿ ಬಿಸಿಲಿಗೆ ಅದು ಇಟ್ಟಿಗೆಯಾಗಿತ್ತು. ಹಾರೆಯಿಂದ ಒಡೆದೆವು. ಅವನು ಹಾರೆ ಊರಿಕೊಂಡು ನಿಂತು, "ಇದು ಹಿಮದ ಹಂಗ ಐತಲ್ರಿ ಅಕ್ಕಾರ, ಹಸಿ ಇದ್ದಾಗ ತಳ್ಳಿದ್ರ ಅರ್ಧ ದಿವಸದ ಕೆಲಸ" ಎಂದ. ಆ ವರ್ಷವೇ ಅವನ ನಿವೃತ್ತಿ. ಎಣ್ಣೆತಾಳೆ ತೋಟದಲ್ಲಿ ದುಡಿದು ಹಳತಾದ, ನಾಲ್ಕೂ ಚಕ್ರ ಎಳೆಯುವ ಪಿಕಪ್ ಒಂದನ್ನು ಕೊಂಡು ತಂದ. ಕ್ಲಾಂಗಿನ ಒಂದು ವೆಲ್ಡಿಂಗ್ ಅಂಗಡಿಯಲ್ಲಿ ಹಲಗೆ ಮಾಡಿಸಿದ. ಅಂಗಡಿಯ ಚೀನೀ ಯಜಮಾನ ನಕ್ಷೆ ನೋಡಿ, ಬಾಸ್, ಸ್ನೋ ಎಲ್ಲಿದೆ ಎಂದು ಕೇಳಿದನಂತೆ. ಆರ್ಡರ್ ಕೊಟ್ಟಿದ್ದೇನೆ, ಬರುತ್ತದೆ ಎಂದನಂತೆ ಇವನು.

ಮೊದಲ ಪ್ರಯೋಗ ಬಡಾವಣೆಯ ಹಿಂದಿನ ಖಾಲಿ ಜಾಗದಲ್ಲಿ. ಹಲಗೆ ಕೆಸರನ್ನು ತಳ್ಳಲಿಲ್ಲ, ಅದರ ಮೇಲೆ ಹತ್ತಿ ಕುಳಿತಿತು. ಮುಂದಿನ ಚಕ್ರ ಹೂತುಹೋಯಿತು, ಹಿಂದಿನದು ಗಾಳಿಯಲ್ಲಿ ತಿರುಗಿತು. ನೋಡಲು ಬಂದಿದ್ದ ಹತ್ತು ಹನ್ನೆರಡು ಜನ ಚಪ್ಪಾಳೆ ತಟ್ಟಿದರು. ಅವನು ಇಳಿದು ಸುತ್ತು ಹಾಕಿ, ಜೇಬಿನಿಂದ ಪುಟ್ಟ ಪುಸ್ತಕ ತೆಗೆದು ಬರೆದುಕೊಂಡ: ರಾಡಿ ಹಿಮಕ್ಕಿಂತ ಭಾರ, ಹಲಗೆಯ ಕೋನ ತಪ್ಪು. ಅವನ ಭಾಷೆಯಲ್ಲಿ ಕೆಸರು ಎಂದರೆ ರಾಡಿ. ಆಮೇಲೆ ಹಲಗೆಯ ತುದಿಗೆ ಹಳೇ ಲಾರಿ ಟಯರಿನ ರಬ್ಬರು ಕೂಡಿಸಿದ. ಎಷ್ಟು ಮರಳು ಚೀಲ ಎಲ್ಲಿಡಬೇಕೆಂದು ಗೊತ್ತುಮಾಡಿಕೊಂಡ. ಮ್ಯಾನ್‌ಹೋಲಿನ ಮುಚ್ಚಳಕ್ಕೆ ತಾಗದಂತೆ ಹಲಗೆ ನೆಲದಿಂದ ಎರಡು ಬೆರಳು ಮೇಲೆ ನಿಲ್ಲುವ ಹಾಗೆ ಮಾಡಿದ. ಗಾಡಿಯನ್ನು ಓಣಿಗೆ ತರುವ ಮೊದಲು ಹತ್ತು ತಿಂಗಳು ಹೀಗೆ. ಆಮೇಲಿನ ಎರಡು ಮಳೆಗಾಲದಲ್ಲಿ ಮೂರು ಸಲ ಕೆಸರು ಬಂತು, ಮೂರು ಸಲವೂ ಮಧ್ಯಾಹ್ನದ ಊಟದೊಳಗೆ ಓಣಿ ತೆರವಾಯಿತು. ಚಪ್ಪಾಳೆ ತಟ್ಟಿದವರು ಅವನಿಗೆ ತೆಂಗಿನ ಹಾಲಿನ ಅನ್ನ, ನಾಸಿ ಲೆಮಾಕ್, ಕಟ್ಟಿಸಿ ತಂದುಕೊಟ್ಟರು.

ದೋಷಗಳಿರಲಿಲ್ಲವೆಂದಲ್ಲ. ಸಕ್ಕರೆ ಕಾಯಿಲೆ ಇಟ್ಟುಕೊಂಡು ಸಿಹಿಸಿಹಿ ಹಾಲಿನ ಟೀ, ತೆಹ್ ತಾರಿಕ್, ಎರಡು ಲೋಟ ಕುಡಿಯುತ್ತಿದ್ದ. ಮನೆಗೆ ಬಂದು ಕೂತರೆ ಏಳುತ್ತಿರಲಿಲ್ಲ. ಅವನ ಪಿಕಪ್ಪಿನಲ್ಲಿ ಯಾರನ್ನೂ ಕೂರಿಸುತ್ತಿರಲಿಲ್ಲ. ಹಟವೂ ಇತ್ತು. ಎರಡನೆಯ ಸಲ ಕೆಸರು ತಳ್ಳುವಾಗ ಗುಡ್ಡೆಯನ್ನು ತಮ್ಮ ಗೇಟಿನ ಹತ್ತಿರದ ಹುಲ್ಲಿನ ಮೇಲೆ ಹಾಕುವುದು ಬೇಡ, ಓಣಿಯ ಕೊನೆಗೆ ಒಯ್ಯಿ ಎಂದು ಅಧ್ಯಕ್ಷರು ಅಡ್ಡ ನಿಂತರು. ಓಣಿಯ ಕೊನೆಯಲ್ಲಿ ಒಬ್ಬಂಟಿ ಮುದುಕಿಯ ಬಾಗಿಲು. ಅವನು ವಾದ ಮಾಡಲಿಲ್ಲ. ಎಂಜಿನ್ ಆರಿಸಿದ, ಕೀಲಿ ಜೇಬಿಗೆ ಹಾಕಿಕೊಂಡ, ಮಾಮಕ್ ಅಂಗಡಿಗೆ ಹೋಗಿ ಟೀ ತರಿಸಿದ. "ಯಾರ ಬಾಗಲ ಮುಂದೂ ರಾಡಿ ಬಿಡೂದಿಲ್ರಿ. ಅಧ್ಯಕ್ಷರು ಜಾಗಾ ಹೇಳಲಿ, ಆಮೇಲೆ ತಳ್ತೀನಿ." ಒಂದು ಗಂಟೆ ಹೊತ್ತು ಓಣಿಯ ನಡುವೆ ಪಿಕಪ್ ನಿಂತಿತ್ತು. ಕೊನೆಗೆ ಗುಡ್ಡೆ ಹುಲ್ಲಿನ ಮೇಲೆಯೇ ಬಿತ್ತು. ಅಧ್ಯಕ್ಷರು ಒಂದು ಕಾಲದಲ್ಲಿ ಶಾಲೆಯ ಹೆಡ್‌ಮಾಸ್ಟರ್ ಆಗಿದ್ದವರು. ಅಂಥವರು ಇಂಥದ್ದನ್ನು ಮರೆಯುವುದಿಲ್ಲ.

ಈಗ ಕೋಲುಗಳ ವಿಷಯ. ಇದನ್ನು ಕ್ರಮವಾಗಿ ಬರೆಯುತ್ತೇನೆ.

ಪ್ರತಿ ವರ್ಷ ಸೆಪ್ಟೆಂಬರಿನಲ್ಲಿ ಅವನು ಓಣಿಯ ಎರಡೂ ಬದಿ ನಡೆದು ಕೋಲು ನೆಡುತ್ತಿದ್ದ. ಬಿಳಿ ಪೈಪಿನ ತುಂಡುಗಳು, ಎದೆಯೆತ್ತರ. ಒಂದು ಕೆಂಪು ಪಟ್ಟಿ ಎಂದರೆ ತೆರೆದ ಚರಂಡಿ. ಎರಡು ಪಟ್ಟಿ ಎಂದರೆ ಮೇಲೆ ಚಪ್ಪಡಿ ಇದೆ, ನಂಬಬೇಡ. ಒಟ್ಟು ನಲವತ್ತಾರು. ಕಳೆದ ನವೆಂಬರಿನಲ್ಲಿ ಪುರಸಭೆಯ ಸ್ವಚ್ಛ ಓಣಿ ಸ್ಪರ್ಧೆಗೆ ನಾವು ಹೆಸರು ಕೊಟ್ಟೆವು. ಕೋಲುಗಳು ಅಂದಗೆಡಿಸುತ್ತವೆ, ತಪಾಸಣೆ ಮುಗಿಯುವ ತನಕ ತೆಗೆಯಬೇಕು ಎಂದು ಸಭೆ ಹೇಳಿತು. ಒಪ್ಪಿದವರಲ್ಲಿ ನಾನು ಮೊದಲನೆಯವಳು. ನನಗೆ ನಿಜಕ್ಕೂ ಅವು ಅಶಿಸ್ತಾಗಿ ಕಾಣುತ್ತಿದ್ದವು, ಒಂದೂ ಒಂದರ ನೇರಕ್ಕಿರಲಿಲ್ಲ. ಅವನು ಇಪೋಗೆ ಹೋಗಿದ್ದ ದಿನ ನಾನೇ ನಿಂತು ಕೀಳಿಸಿದೆ. ಥಿಯೇಟರಿನಲ್ಲಿ ಹೊಟ್ಟೆ ಹೊಲಿಯುವ ಮೊದಲು ಹತ್ತಿ ಎಣಿಸುವಂತೆ ಎಣಿಸಿದೆ. ನಲವತ್ತಾರು. ಕಟ್ಟು ಕಟ್ಟಿ ಅವನ ಪೋರ್ಚಿನಲ್ಲಿ ಇಡಿಸಿದೆ.

ಅವನು ಮರಳಿದ ಸಂಜೆ ನನ್ನ ಗೇಟಿಗೆ ಬಂದ. ಬೈಯುತ್ತಾನೆಂದು ಉತ್ತರ ಸಿದ್ಧಮಾಡಿಕೊಂಡಿದ್ದೆ. "ಎಣಿಕಿ ಬರೋಬ್ಬರಿ ಐತ್ರಿ ಅಕ್ಕಾರ," ಎಂದಷ್ಟೇ ಹೇಳಿ ಹೋದ.

ತಪಾಸಣೆ ಮುಗಿದದ್ದು ನವೆಂಬರ್ ಕೊನೆಗೆ. ಡಿಸೆಂಬರ್ ಒಂದಕ್ಕೆ ಬಂದು ಕೋಲು ಮತ್ತೆ ನೆಡುತ್ತೇನೆ ಎಂದ. ಸಭೆಯ ತೀರ್ಮಾನದಿಂದ ತೆಗೆದದ್ದನ್ನು ಸಭೆಯ ತೀರ್ಮಾನದಿಂದಲೇ ಹಾಕಬೇಕು, ಅರ್ಜಿ ಬರೆದು ಕೊಡು ಎಂದೆ. ಮಳೆ ಈ ತಿಂಗಳೇ ಬರುತ್ತದೆ ಎಂದ. ಸಭೆಯೂ ಈ ತಿಂಗಳೇ, ಇಪ್ಪತ್ತಕ್ಕೆ ಇದೆ ಎಂದೆ.

"ನೀರಿಗೆ ಅದು ಗೊತ್ತಿರೂದಿಲ್ಲಲ್ರಿ."

ಒಬ್ಬರು ಹೇಳದೆ ಕೇಳದೆ ಕೋಲು ನೆಟ್ಟರೆ ನಾಳೆ ಇನ್ನೊಬ್ಬರು ರಸ್ತೆಯಲ್ಲಿ ಹೂಕುಂಡ ಇಡುತ್ತಾರೆ ಎಂದು ಪಾಠ ಹೇಳಿದೆ. ಅವನು ಕೇಳಿಸಿಕೊಂಡ. ಮರುದಿನ ಬೆಳಿಗ್ಗೆ ಅರ್ಧ ಪುಟದ ಅರ್ಜಿ ತಂದ. ಯಾವ ಮನೆಯ ಮುಂದೆ ಎಷ್ಟು ಕೋಲು, ಏಕೆ, ಎಲ್ಲವೂ ಅದರಲ್ಲಿತ್ತು. ನಾನು ದಿನಾಂಕದ ಮುದ್ರೆ ಒತ್ತಿ, ಮೂಲೆಯಲ್ಲಿ "ಮುಂದಿನ ಸಭೆಗೆ" ಎಂದು ಬರೆದು ಫೈಲಿಗೆ ಹಾಕಿದೆ. ಬೇರೆ ಯಾರು ತಡೆದಿದ್ದರೂ ಅವನು ಎಂಜಿನ್ ಆರಿಸಿ ಹಟಕ್ಕೆ ಕೂರುತ್ತಿದ್ದ, ಅಥವಾ ಮುಂಜಾನೆ ಎದ್ದು ನೆಟ್ಟೇಬಿಡುತ್ತಿದ್ದ. ಹೇಳಿದ್ದು ನಾನಾದ್ದರಿಂದ ಕೇಳಿದ.

ಹತ್ತನೆಯ ತಾರೀಖು ನೆರೆ ಬಂತು. ಹನ್ನೊಂದರ ಬೆಳಿಗ್ಗೆ ನೀರು ಇಳಿದಿತ್ತು. ಓಣಿಯೂ ಚರಂಡಿಯೂ ಒಂದೇ ಸಮನೆ ಕಂದು ಬಣ್ಣ, ಇಸ್ತ್ರಿ ಮಾಡಿದ ಬಟ್ಟೆಯ ಹಾಗೆ. ಎಂಟೂವರೆಗೆ ಅಧ್ಯಕ್ಷರು ನನಗೆ ಫೋನ್ ಮಾಡಿದರು. ಅವನಿಗೆ ಹೇಳಿದ್ದೇನೆ, ಗಾಡಿ ತರುತ್ತಾನೆ, ಕೋಲಿಲ್ಲ ಎಂದು ಕುಂಯ್‌ಗುಟ್ಟಿದ, ಮೂರು ಸಲ ಮಾಡಿದವನಿಗೆ ಕೋಲು ಏಕೆ ಎಂದು ಅವನನ್ನೇ ಕೇಳಿದೆ ಎಂದರು. ಅವರಿಗೆ ಮಧ್ಯಾಹ್ನ ಬಾಂಗ್ಸಾರಿನಲ್ಲಿ ಮಗಳ ಮನೆಯಲ್ಲಿ ಊಟವಿತ್ತು, ಕಾರು ಹೊರಗೆ ಬರಬೇಕಿತ್ತು. ನಾನು ಒಳ್ಳೆಯದು ಎಂದೆ. ನನ್ನ ಪೋರ್ಚು ತೊಳೆಯುವ ಸಮಯವಾಗಿತ್ತು.

ಅವನು ಕೆಲಸ ಮಾಡಿದ ರೀತಿಯನ್ನು ಪೊರಕೆ ಹಿಡಿದು ನಿಂತು ನೋಡಿದವಳು ನಾನು. ಹತ್ತು ಅಡಿಗೊಮ್ಮೆ ಇಳಿಯುತ್ತಿದ್ದ. ಕಬ್ಬಿಣದ ಸರಳು ಕೆಸರಿಗೆ ಚುಚ್ಚಿ ನೆಲ ಹುಡುಕುತ್ತಿದ್ದ. ಹತ್ತಿ ತಳ್ಳುತ್ತಿದ್ದ. ಮತ್ತೆ ಇಳಿಯುತ್ತಿದ್ದ. ಅಧ್ಯಕ್ಷರು ಎರಡು ಸಲ ಹೊರಗೆ ಬಂದು ಗಡಿಯಾರ ತೋರಿಸಿದರು. ಅವನು ವೇಗ ಹೆಚ್ಚಿಸಲಿಲ್ಲ. ಇಪ್ಪತ್ತೇಳನೆಯ ಮನೆಯ ತಿರುವಿನಲ್ಲಿ ಚರಂಡಿ ಮೊಳದಷ್ಟು ರಸ್ತೆಯೊಳಕ್ಕೆ ಚಾಚಿದೆ. ಅವನ ಸರಳು ಗಟ್ಟಿಯಾಗಿ ತಾಗಿತು. ತಾಗಿದ್ದು ರಸ್ತೆಗಲ್ಲ, ಚರಂಡಿಯ ಮೇಲಿನ ಸವೆದ ಚಪ್ಪಡಿಗೆ. ಎರಡು ಪಟ್ಟಿಯ ಕೋಲು ನಿಲ್ಲುತ್ತಿದ್ದ ಜಾಗ ಅದು. ಚಪ್ಪಡಿ ಮುರಿಯಿತು, ಬಲಗಡೆಯ ಚಕ್ರ ಇಳಿಯಿತು, ಪಿಕಪ್ ಮಗುಚುವಷ್ಟು ವಾಲಿತು. ಕಿಟಕಿಯಿಂದ ಹೊರಬರುವಾಗ ಅವನ ಮೊಣಕಾಲ ಕೆಳಗೆ ತಗಡು ಕೊಯ್ದಿತು.

ಪಿಕಪ್ ಎತ್ತಲು ಕ್ರೇನ್ ಬರುವುದು ಮರುದಿನ ಎಂದರು. ಅವನು ಮನೆಗೆ ಹೋಗಲಿಲ್ಲ. ಕರವಸ್ತ್ರದಿಂದ ಕಾಲು ಕಟ್ಟಿ, ಸಲಿಕೆ ತೆಗೆದುಕೊಂಡು, ಓಣಿಯ ಕೊನೆಯ ಮುದುಕಿಯ ಬಾಗಿಲಿನ ಕೆಸರನ್ನು ಸಂಜೆಯ ತನಕ ತೆಗೆದ. ಅಧ್ಯಕ್ಷರು ಟ್ಯಾಕ್ಸಿಯಲ್ಲಿ ಊಟಕ್ಕೆ ಹೋದರು.

ಆ ಕಾಲಿನ ಗಾಯವನ್ನು ಅವನು ನನಗೆ ತೋರಿಸಲಿಲ್ಲ. ಇಲ್ಲಿ ನನ್ನ ಸಿಟ್ಟೆಲ್ಲ ಅವನ ಮೇಲೆ. ನಲವತ್ತೊಂದು ವರ್ಷ ಗಾಯ ತೊಳೆದವಳು ನಾಲ್ಕು ಮನೆಯಾಚೆ ಇದ್ದೇನೆ. ನೆರೆಯ ಕೆಸರಿನಲ್ಲಿ ಇಲಿಯ ಮೂತ್ರ ಇರುತ್ತದೆ, ಬಿರುಕು ಬಿಟ್ಟ ಚರ್ಮ ಸಾಕು ರೋಗ ಒಳಗೆ ಹೋಗಲು, ಬೂಟು ಹಾಕಿಕೋ ಎಂದು ಪ್ರತಿ ಮಳೆಗಾಲ ಅವನಿಗೆ ಹೇಳಿದ್ದೇನೆ. ನಾಲ್ಕನೆಯ ದಿನ ಓಣಿಯಲ್ಲಿ ನನ್ನನ್ನು ಕಂಡು ಆಚೆ ಬದಿಗೆ ದಾಟಿ ಹೋದ, ಕೋಲಿನ ಬಗ್ಗೆ ಮುನಿಸು ಎಂದುಕೊಂಡೆ. ಎಂಟನೆಯ ದಿನ ಜ್ವರ. ಮಳೆಯಲ್ಲಿ ನೆನೆದದ್ದು ಎಂದು ಮಾತ್ರೆ ನುಂಗಿದ. ಆಸ್ಪತ್ರೆಗೆ ಸೇರಿದಾಗ ಕಣ್ಣು ಹಳದಿಯಾಗಿತ್ತು, ಮೂತ್ರ ನಿಂತಿತ್ತು. ಇಲಿಜ್ವರ. ಡಿಸೆಂಬರ್ ಮೂವತ್ತರ ಬೆಳಿಗ್ಗೆ ಹೋದ.

ನನಗೇಕೆ ಹೇಳಲಿಲ್ಲ ಎಂದು ಅವನ ಹೆಂಡತಿಯನ್ನು ಗದರಿಸಿಯೇ ಕೇಳಿದೆ. "ನೀವು ಬೈತೀರಿ ಅಂತ್ರಿ," ಎಂದಳು. "ಅಕ್ಕಾರಿಗೆ ಹೇಳಬ್ಯಾಡ, ಬೂಟ ಹಾಕಿಲ್ಲಂತ ಬೈತಾರ ಅಂದ್ರು."

ಬೈಯುತ್ತಿದ್ದೆ. ಬೈದು, ಗಾಯ ತೊಳೆದು, ಅಂದೇ ಡಾಕ್ಟರ ಹತ್ತಿರ ಕರೆದೊಯ್ಯುತ್ತಿದ್ದೆ. ಅದರಲ್ಲಿ ಅರ್ಧ ಮಾತ್ರ ಅವನಿಗೆ ನೆನಪಾದದ್ದು ಅವನ ತಪ್ಪೋ ನನ್ನದೋ, ಇದುವರೆಗೆ ನನಗೆ ತಿಳಿದಿಲ್ಲ.

ಇಷ್ಟು ಬರೆಯುವಷ್ಟರಲ್ಲಿ ಮೂರು ಗಂಟೆಯಾಯಿತು, ಉಳಿದದ್ದು ರಾತ್ರಿ ಬರೆದದ್ದು. ಎದ್ದು ಅನ್ನ ತಿಂದೆ. ಮೂರೂವರೆಗೆ ನಡಾವಳಿ ಬರೆದೆ, ಹದಿನೈದು ನಿಮಿಷದಲ್ಲಿ ಮುಗಿಯಿತು. ನಾಲ್ಕಕ್ಕೆ ಅಧ್ಯಕ್ಷರು ಸಹಿ ಹಾಕಲು ಬಂದು, ಎರಡನೆಯ ವಿಷಯ ಓದಿ, ಕನ್ನಡಕ ತೆಗೆದರು. ಹೋದವನು ಹೋದ, ಇದ್ದವರನ್ನು ಏಕೆ ಎಳೆಯುತ್ತೀರಿ ಸಿಸ್ಟರ್ ಎಂದರು. ಪುರಸಭೆ ಈಗ ಎಲ್ಲರನ್ನೂ ಪ್ರಶ್ನೆ ಮಾಡುತ್ತದೆ, ಮೊದಲು ನಿಮ್ಮನ್ನೇ ಕೇಳುತ್ತದೆ ಎಂದರು. ನನ್ನ ಹೆಸರೇ ಮೊದಲಿದೆ, ಕೇಳಲಿ ಎಂದೆ. ಸಹಿ ಹಾಕುವುದಿಲ್ಲ ಎಂದರು.

"ನಿಮ್ಮ ಆಕ್ಷೇಪ ಬರೆದು ಕೊಡಿ," ಎಂದೆ. "ಮುಂದಿನ ಸಭೆಗೆ ಹಾಕುತ್ತೇನೆ."

ಅವರು ಗೇಟು ಹಾಕದೆ ಹೋದರು. ನಾನು ಕಾರ್ಯದರ್ಶಿಯ ಸಹಿ ಹಾಕಿ, ಅವನ ಅರ್ಜಿಯ ಪ್ರತಿಯನ್ನು, ಮೂಲೆಯಲ್ಲಿ ನನ್ನ ಕೈಬರಹ ಕಾಣುವಂತೆ, ಹಿಂದೆ ಪಿನ್ ಮಾಡಿದೆ. ಒಂದು ಪ್ರತಿಯನ್ನು ಪುರಸಭೆಯ ವಿಳಾಸ ಬರೆದ ಲಕೋಟೆಗೆ ಹಾಕಿ ಅಂಟಿಸಿದೆ. ಇನ್ನೊಂದನ್ನು ಹಿಡಿದು ಗಾರ್ಡ್ ಹೌಸಿಗೆ ನಡೆದೆ. ಅವನ ಹೆಂಡತಿ ಅಲ್ಲೇ ಇದ್ದಳು, ಬೆಳಗಿನ ಕುರ್ಚಿಯಲ್ಲೇ. ಹಾಳೆಯನ್ನು ಫಲಕಕ್ಕೆ ಚುಚ್ಚಿ, ಇಂಗ್ಲಿಷಿನಲ್ಲಿದ್ದುದನ್ನು ಅವಳಿಗೆ ಕನ್ನಡದಲ್ಲಿ ಹೇಳಿದೆ.

"ಎರಡನೆಯ ವಿಷಯ. ಗುರುತಿನ ಕೋಲುಗಳನ್ನು ಕೀಳಿಸಿದವರು ಕಾರ್ಯದರ್ಶಿ. ಅವನ್ನು ಮರಳಿ ನೆಡಲು ಮೃತರು ಡಿಸೆಂಬರ್ ಎರಡರಂದು ಲಿಖಿತ ಅನುಮತಿ ಕೇಳಿದ್ದರು. ಕಾರ್ಯದರ್ಶಿ ಅದನ್ನು ಮುಂದಿನ ಸಭೆಗೆ ತಳ್ಳಿದರು. ಹನ್ನೊಂದರ ಬೆಳಿಗ್ಗೆ ಮೃತರನ್ನು ಕೆಲಸಕ್ಕೆ ಕರೆದವರು ಅಧ್ಯಕ್ಷರು. ಮೃತರು ಹತ್ತು ಅಡಿಗೊಮ್ಮೆ ಇಳಿದು ನೆಲ ಪರೀಕ್ಷಿಸಿದ್ದನ್ನು ಕಾರ್ಯದರ್ಶಿ ಕಣ್ಣಾರೆ ಕಂಡಿದ್ದಾರೆ. ಅವರಲ್ಲಿ ಅಜಾಗರೂಕತೆ ಇರಲಿಲ್ಲ."

ಅವಳು ಎದ್ದು ಬಂದು, ಹಾಳೆಯ ಹತ್ತಿರ ಮುಖ ತಂದು, ತನಗೆ ಬಾರದ ಆ ಅಕ್ಷರಗಳನ್ನು ಕೊನೆಯ ಸಾಲಿನವರೆಗೂ ನೋಡಿದಳು.

"ಇಷ್ಟು ಬರಿಯಾಕ ನಿಮಗ ಬರ್ತಿತ್ತಲ್ರಿ ಅಕ್ಕಾರ," ಎಂದಳು. "ಅವತ್ತ ಅವರ ಅರ್ಜಿ ಮ್ಯಾಲೆ ಬರೆದಿದ್ರ ಆಗ್ತಿತ್ತು."

ಹೌದು ಎಂದೆ. ಫಲಕದ ಗಾಜು ಎಳೆದೆ, ಬೀಗ ಹಾಕಿದೆ, ಎಳೆದು ನೋಡಿದೆ. ಗಂಟೆ ಐದೂ ಐವತ್ತೆರಡು.